ಪಾಯಿಂಟಿನ ಮೇಲೆ ಕೂತ ಅಳಿಯ

ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ಮಾರಿಕುಪ್ಪಂ ರೈಲುಗಾಡಿ ಇವತ್ತಿನಿಂದಲೇ ಟೈಮಿಗೆ ಸರಿಯಾಗಿ ಬರಲು ಶುರುವಾಗಲಿ. ಇದಕ್ಕಿಂತ ದೊಡ್ಡ ಆಣೆಯನ್ನು ಬಂಗಾರಪೇಟೆಯಲ್ಲಿ ಯಾರೂ ಹಾಕಿಲ್ಲ. ನಂಬಿಕೆ ಬಾರದಿದ್ದರೆ ಬಂಡಗುಂಟೆಗೆ ಹೋಗಿ ಯಾರನ್ನಾದರೂ ಕೇಳಿ. ಅವರು ಇದಕ್ಕಿಂತ ಹೆಚ್ಚೇ ಹೇಳುತ್ತಾರೆ. ನಾನು ಸಂಕೋಚದ ಮನುಷ್ಯ, ಆದಷ್ಟು ಕಡಿಮೆ ಮಾಡಿ ಹೇಳುತ್ತಿದ್ದೇನೆ.

ಎಲ್ಲಕ್ಕೂ ಕಾರಣ ಒಂದು ತೆಂಗಿನಕಾಯಿ. ಆ ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಅದು ಆರುಮುಗಂ ಅವರ ಅಂಗೈ ಮೇಲೆ ತೆಪ್ಪಗೆ ಮಲಗಿತ್ತು. ಬಂಡಗುಂಟೆಯ ಚಿಕ್ಕವೆಂಕಟಪ್ಪನವರ ಹೊಲದ ನಟ್ಟನಡುವೆ ಬಂದದ್ದೇ ತಡ, ಹೆಡ್‌ಮಾಸ್ತರನ್ನು ಕಂಡ ಹುಡುಗನಂತೆ ಎದ್ದು ನಿಂತುಬಿಟ್ಟಿತು.

ಆರುಮುಗಂ ಕೋರಮಂಡಲ್ ಚಿನ್ನದ ಗಣಿಯಲ್ಲಿ ಇಪ್ಪತ್ತು ವರ್ಷ ನೆಲದೊಳಗೆ ದುಡಿದು, ಗಣಿ ಮುಚ್ಚಿದ ಮೇಲೆ ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವ ಕೆಲಸ ಹಿಡಿದವರು. ಮೇಲಿನಿಂದ ನೀರು ನೋಡುವವರು ಬೇಕಾದಷ್ಟು ಜನ ಇದ್ದಾರೆ, ಕೆಳಗಿನಿಂದಲೂ ನೋಡಿದವನು ತಾನೊಬ್ಬನೇ ಎಂಬುದು ಅವರ ಹೆಗ್ಗಳಿಕೆ. ಅವರು ಕಣ್ಣು ಮುಚ್ಚಿ, ಕಾಲ ಹೆಬ್ಬೆರಳಿಂದ ನೆಲವನ್ನು ಒತ್ತಿ ನೋಡಿದರು.

"ಕೆಳಗೆ ಓಡ್ತಾ ಇದೆ ಸಾಮಿ. ನಿಂತ ನೀರಲ್ಲ ಇದು. ಒಂದೇ ಸಮ ಓಡ್ತಾ ಇದೆ, ನಿಲ್ಲೋದೇ ಇಲ್ಲ. ಇಂಥ ಓಟ ನಾನು ಎಲ್ಲೂ ನೋಡಿಲ್ಲ."

ಚಿಕ್ಕವೆಂಕಟಪ್ಪನವರ ಎಂಟು ಸೀಮೆ ಹಸುಗಳಿಗೆ ಆಗ ಟ್ಯಾಂಕರ್ ನೀರೇ ಗತಿ. ಮನೆಮಂದಿಯೆಲ್ಲ ಕೈ ಮುಗಿದರು. ಅಳಿಯ ಮುನಿರಾಜನೊಬ್ಬ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದ. ಕೆಳಗೆ ಒಂದೇ ಸಮ ಏನು ಓಡುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಪೆಟ್ರೋಲು.

ಮುನಿರಾಜ ಮೂರೂವರೆ ವರ್ಷದಿಂದ ಲೈನ್ ವಾಕರ್. ಅಂದರೆ ನಡೆಯುವುದೇ ಉದ್ಯೋಗ. ಪೆಟ್ರೋಲು ಡೀಸೆಲ್ಲು ಸಾಗಿಸುವ ದೊಡ್ಡ ಪೈಪೊಂದು ಆ ಕಡೆಯ ಹೊಲಗಳ ಅಡಿಯಲ್ಲಿ, ಎದೆಮಟ್ಟದ ಆಳದಲ್ಲಿ ಹೂತುಕೊಂಡು ಹೋಗುತ್ತದೆ. ಅದರ ತಲೆಯ ಮೇಲೆ ಅವನು ದಿನಕ್ಕೆ ಒಂಬತ್ತು ಕಿಲೋಮೀಟರ್ ನಡೆಯಬೇಕು. ಯಾರಾದರೂ ಅಗೆಯುತ್ತಿದ್ದಾರಾ, ಹುಲ್ಲು ಕಾರಣವಿಲ್ಲದೆ ಸುಟ್ಟ ಹಾಗಿದೆಯಾ, ಕುಂಟೆಯ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪೊರೆ ತೇಲುತ್ತಿದೆಯಾ, ಎಲ್ಲಾದರೂ ವಾಸನೆ ಬರುತ್ತಿದೆಯಾ ನೋಡಬೇಕು. ಪೈಪಿಗೆ ಸೂಜಿಮೊನೆಯಷ್ಟು ತೂತು ಬಿದ್ದರೂ ಸುತ್ತಲಿನ ಬಾವಿ, ಕುಂಟೆ, ಹೊಲ ಎಲ್ಲ ಹಾಳು ಎಂದು ಅವನಿಗೆ ಮೂರು ದಿನ ಪಾಠ ಮಾಡಿ ಕಳಿಸಿದ್ದರು. ಜೇಬಿನಲ್ಲಿರುವ ಜಿಪಿಎಸ್ ಡಬ್ಬಿ ಅವನು ಎಲ್ಲಿ ಕೂತ, ಎಷ್ಟು ಹೊತ್ತು ಕೂತ ಎಂದು ಕಂಟ್ರೋಲ್ ರೂಮಿಗೆ ಚಾಡಿ ಹೇಳುತ್ತಲೇ ಇರುತ್ತದೆ. ಪೈಪು ಕಣ್ಣಿಗೆ ಕಾಣದ್ದರಿಂದ ಅಲ್ಲಲ್ಲಿ ಕಂಬ ನೆಟ್ಟಿದ್ದಾರೆ. ಇಲ್ಲಿ ಪೈಪಿದೆ, ಅಗೆಯಬೇಡಿ, ಏನಾದರೂ ಕಂಡರೆ ಈ ನಂಬರಿಗೆ ಫೋನ್ ಮಾಡಿ ಎಂದು ಅದರ ಮೇಲೆ ಬರೆದಿರುತ್ತದೆ.

ಹಾಗಿದ್ದರೆ ಮುನಿರಾಜ ಅಲ್ಲೇ "ಅಗೀಬೇಡಿ" ಎನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅನ್ನಬಹುದಿತ್ತು. ಆದರೆ ಆ ಹೊಲದ ನಡುವೆ ಇದ್ದ ಕಂಬವನ್ನು ಆರು ತಿಂಗಳ ಹಿಂದೆ ಅವನೇ ಕಿತ್ತಿದ್ದ.

ಅದೂ ಮಾವನ ಮಾತಿಗೆ. ಒಂದು ಭಾನುವಾರ ಕೋಳಿಸಾರಿನ ಊಟವಾದ ಮೇಲೆ, ಟ್ರ್ಯಾಕ್ಟರ್ ತಿರುಗಿಸಲು ಆ ಕಂಬ ಅಡ್ಡವಾಗುತ್ತದೆ, ಐವತ್ತಡಿ ಆಚೆ ಬದುವಿನ ಮೇಲೆ ಇಟ್ಟರೆ ಯಾರಿಗೇನು ನಷ್ಟ ಎಂದು ಚಿಕ್ಕವೆಂಕಟಪ್ಪ ಮೆಲ್ಲಗೆ ಕೇಳಿದ್ದರು. ಕೋಳಿಯ ಕಾಲು ಬಾಯಲ್ಲಿರುವಾಗ ಮಾವನಿಗೆ ಇಲ್ಲ ಎನ್ನುವ ಅಳಿಯ ಕೋಲಾರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಇಬ್ಬರೂ ಸೇರಿ ಕಂಬವನ್ನು ಹೊತ್ತು ಬದುವಿನ ಮೇಲೆ ನೆಟ್ಟಿದ್ದರು. ಅಲ್ಲಿ ಪೈಪು ಒಂದು ಬಂಡೆಯನ್ನು ಬಳಸಿಕೊಂಡು ವಾರೆಯಾಗಿ ಹೋಗುವುದರಿಂದ ಹಿಂದುಮುಂದಿನ ಕಂಬಗಳ ನೇರ ನೋಡಿ ಪತ್ತೆ ಹಚ್ಚುವಂತೆಯೂ ಇರಲಿಲ್ಲ. ಅಂದಿನಿಂದ ಮುನಿರಾಜ ದಿನವೂ ವರದಿಯಲ್ಲಿ "ಕಂಬ ಸರಿಯಾಗಿದೆ" ಎಂದು ಬರೆಯುತ್ತಿದ್ದ.

ಈಗ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಊರೇ ಹೋಗುತ್ತದೆ. ಅವನು ಮಾವನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದ.

"ಮಾವ, ಪೈಪಿರೋದು ಅಲ್ಲೇ ಅಲ್ವಾ. ಕಂಬ ನಾವೇ ತಾನೇ ಕಿತ್ತಿದ್ದು."

"ಮೆಲ್ಲಗೆ ಮಾತಾಡು ಅಳೀಮಯ್ಯ. ಏನೂ ಆಗಲ್ಲ ಬುಡು."

"ಬೋರಿನ ರಾಡು ತಗುಲಿದ್ರೆ ನೀವೂ ಇರಲ್ಲ, ನಾನೂ ಇರಲ್ಲ, ಅಸುಗಳೂ ಇರಲ್ಲ."

"ನಮ್ ಭೂಮಿ ಕೆಳಗೆ ಏನೈತೆ ಅಂತ ನೀನು ನಂಗೆ ಏಳ್ಕೊಡ್ತೀಯಾ? ಓಗು, ಲಾರಿ ಬರೋ ಒತ್ತಾಯ್ತು, ಬೇಲಿ ತೆಗಿ."

ಚಿಕ್ಕವೆಂಕಟಪ್ಪ ಬೀಡಿ ಹಚ್ಚಿಕೊಂಡು ಹೊರಟೇಬಿಟ್ಟರು. ಪೆಟ್ರೋಲಿನ ಪೈಪಿನ ಮೇಲೆ ಬೀಡಿ ಸೇದುತ್ತಾ ಅಷ್ಟು ನೆಮ್ಮದಿಯಾಗಿ ನಡೆಯುವ ಮನುಷ್ಯನನ್ನು ಮುನಿರಾಜ ಅದುವರೆಗೆ ನೋಡಿರಲಿಲ್ಲ.

ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು. ಮೊದಲ ರಾಡು ಅಷ್ಟರೊಳಗೆ ಇಳಿಯಬೇಕು ಎಂದು ಆರುಮುಗಂ ಆಗಲೇ ಹೇಳಿದ್ದರು. ಹೇಗಾದರೂ ಹತ್ತೂವರೆ ದಾಟಿಸಿದರೆ ಹನ್ನೆರಡರವರೆಗೆ ಬಿಡುವು ಸಿಗುತ್ತದೆ, ಅಷ್ಟರಲ್ಲಿ ದೇವರು ಏನಾದರೂ ಒಂದು ದಾರಿ ತೋರಿಸುತ್ತಾನೆ ಎಂದು ಮುನಿರಾಜ ಲೆಕ್ಕ ಹಾಕಿದ. ಬೇಲಿಯ ಮುಳ್ಳನ್ನು ಒಂದೊಂದಾಗಿ, ಮದುಮಗಳ ತಲೆಯ ಹೂವು ಬಿಡಿಸುವಂತೆ ತೆಗೆಯತೊಡಗಿದ. ಪಕ್ಕದ ಹೊಲದ ಅನಸೂಯಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಪಾಪ, ಆಫೀಸು ಕೆಲಸದ ಹುಡುಗ, ಕೈ ನೋಯುತ್ತದೆ ಎಂದು ಕನಿಕರಪಟ್ಟು, ಕುಡುಗೋಲು ತಂದು ಐದೇ ನಿಮಿಷದಲ್ಲಿ ಬೇಲಿಯನ್ನು ಬೋಳು ಮಾಡಿ ಕೊಟ್ಟಳು.

ಒಂಬತ್ತೂ ಮುಕ್ಕಾಲಿಗೆ ಬೋರ್ ಲಾರಿ ಬಂತು. ಮುನಿರಾಜ ಓಡಿಹೋಗಿ ಡ್ರೈವರ್‌ಗೆ ದಾರಿ ತೋರಿಸಿದ. ಕೊಟ್ಟಿಗೆಯ ಗಂಜಲ ಹರಿದು ಕೊಚ್ಚೆಯಾದ ಜಾಗದಲ್ಲೇ ತೋರಿಸಿದ. ಲಾರಿಯ ಹಿಂದಿನ ಗಾಲಿ ಬೆಣ್ಣೆಯಲ್ಲಿ ಊರಿದ ಬೆರಳಿನಂತೆ ಇಳಿಯಿತು. ಮುನಿರಾಜ ಅಯ್ಯೋ ಪಾಪ ಎಂದುಕೊಂಡು ಬದುವಿನ ಮೇಲೆ ಕೂತು ಮೊದಲ ಸಲ ಉಸಿರುಬಿಟ್ಟ. ಉಸಿರು ಪೂರ್ತಿ ಹೊರಗೆ ಬರುವಷ್ಟರಲ್ಲಿ ಕೆಳಗಿನ ಹೊಲದ ಸೊಣ್ಣಪ್ಪ ಟ್ರ್ಯಾಕ್ಟರು, ಹಗ್ಗ, ನಾಲ್ಕು ಜನ ಸಮೇತ ಬಂದ. ಅಕ್ಕಪಕ್ಕದವರು ಇರುವುದೇ ಇದಕ್ಕೆ ಅಲ್ಲವಾ ಎಂದ. ಲಾರಿಯನ್ನು ಎಳೆದು ನೇರವಾಗಿ ಪಾಯಿಂಟಿನ ಮೇಲೆ ತಂದು ನಿಲ್ಲಿಸಿದ.

ಹತ್ತೂ ಕಾಲಿಗೆ ಲಾರಿಯ ನಾಲ್ಕು ಜಾಕಿ ನೆಲಕ್ಕೆ ಊರಿದವು. ಮುನಿರಾಜ ಪೂಜೆಯ ತಟ್ಟೆಯಿಂದ ಬೆಂಕಿಪೊಟ್ಟಣ ಎತ್ತಿ ಜೇಬಿಗಿಟ್ಟುಕೊಂಡ. ಕರ್ಪೂರ ಹಚ್ಚಲು ಬೆಂಕಿ ಎಲ್ಲಿ ಎಂದು ಹುಡುಕಾಟ ಶುರುವಾಯಿತು. ಚಿಕ್ಕವೆಂಕಟಪ್ಪ ಬೀಡಿಯ ತುದಿಯಿಂದಲೇ ಹಚ್ಚಿಕೊಟ್ಟರು.

ಕಾಯಿ ಒಡೆದು, ಕುಂಕುಮ ಇಟ್ಟು, ಎಲ್ಲರೂ ಮಂಗಳಾರತಿ ತೆಗೆದುಕೊಳ್ಳುವಷ್ಟರಲ್ಲಿ ಹತ್ತು ಮೂವತ್ಮೂರು. ಮುನಿರಾಜ ಕೈಗಡಿಯಾರವನ್ನು ಎಲ್ಲರ ಮುಖಕ್ಕೂ ಹಿಡಿದು ತೋರಿಸಿದ. ರಾಹುಕಾಲ ಬಂದಾಯಿತು, ಇನ್ನು ಹನ್ನೆರಡರ ಮೇಲೆ ನೋಡೋಣ ಎಂದ. ಲಾರಿಯ ಡ್ರೈವರ್ ಎಂಜಿನ್ ಕೀಲಿಯಿಂದ ಕೈ ತೆಗೆದ.

ಆರುಮುಗಂ ಗಂಭೀರವಾಗಿ ಕೆಮ್ಮಿದರು. "ಕಾಯಿ ಒಡೆದಾಗ ಹತ್ತು ಇಪ್ಪತ್ತೆಂಟು, ತಂಬಿ. ಪೂಜೆ ಆದ್ರೆ ಕೆಲಸ ಶುರುವಾದ ಲೆಕ್ಕ. ಶುರುವಾದ ಕೆಲಸಾನ ನಿಲ್ಲಿಸಿದ್ರೇನೇ ದೋಷ."

ಇನ್ನು ಉಳಿದದ್ದು ಒಂದೇ ದಾರಿ. ಕಂಬದ ಮೇಲಿನ ನಂಬರು. ಆದರೆ ತನ್ನ ಫೋನಿನಿಂದ ಮಾಡಿದರೆ ಕಂಟ್ರೋಲ್ ರೂಮಿನವರಿಗೆ ಗೊತ್ತಾಗುತ್ತದೆ. ಅವನು ಅನಸೂಯಮ್ಮನ ಹತ್ತಿರ, ನನ್ನ ಫೋನ್ ಸತ್ತಿದೆ ಅಕ್ಕ, ಒಂದು ನಿಮಿಷ ಎಂದು ಅವಳದನ್ನು ಇಸಿದುಕೊಂಡು ಬದುವಿನ ನೀಲಗಿರಿ ಮರಗಳ ಹಿಂದೆ ನುಸುಳಿದ. ತಾನೇ ಕಿತ್ತು ನೆಟ್ಟ ಕಂಬವನ್ನು ತಬ್ಬಿಕೊಂಡು ನಂಬರು ಓದಿ ಒತ್ತಿದ. ದನಿ ಗುರುತು ಸಿಗಬಾರದೆಂದು ಬಾಯಿಗೆ ಕರ್ಚೀಫು ಕಟ್ಟಿಕೊಂಡ.

ಆ ಕಡೆಯವನು ಹೆಸರು ಕೇಳಿದ. ಮುನಿರಾಜ ಸಾರ್ವಜನಿಕ ಎಂದ. ಪೂರ್ತಿ ಹೆಸರು ಕೇಳಿದ. ಬರೀ ಸಾರ್ವಜನಿಕ ಎಂದ. ಕಂಬದ ನಂಬರು ಹೇಳಿ, ಪೈಪಿನ ಮೇಲೆ ಬೋರ್ ಹಾಕುತ್ತಿದ್ದಾರೆ, ಬೇಗ ಬನ್ನಿ ಎಂದ.

"ಗಾಬರಿ ಆಗ್ಬೇಡಿ," ಎಂದಿತು ದನಿ. "ಈಗ್ಲೇ ನಮ್ಮ ಲೈನ್ ವಾಕರ್‌ನ ಕಳಿಸ್ತೀವಿ. ಮುನಿರಾಜ್ ಅಂತ. ತುಂಬಾ ಜವಾಬ್ದಾರಿ ಮನುಷ್ಯ."

ಫೋನನ್ನು ಅನಸೂಯಮ್ಮನ ಕೈಗೆ ಕೊಡುವಷ್ಟರಲ್ಲಿ, ಸತ್ತಿದೆ ಎಂದಿದ್ದ ಅವನ ಫೋನು ಜೇಬಿನಲ್ಲಿ ಗಟ್ಟಿಯಾಗಿ ಹಾಡತೊಡಗಿತು. ಅವಳು ಅವನ ಜೇಬನ್ನೂ ಮುಖವನ್ನೂ ಒಂದೊಂದು ಸಲ ನೋಡಿದಳು. ಕರ್ಚೀಫು ತೆಗೆಯುವುದನ್ನು ಅವನು ಮರೆತಿದ್ದ. ಕಂಟ್ರೋಲ್ ರೂಮಿನವನು, ಯಾರೋ ಪುಣ್ಯಾತ್ಮ ಫೋನ್ ಮಾಡಿದ್ದಾನೆ, ಕೂಡಲೇ ಅಲ್ಲಿಗೆ ಓಡು, ಎಂಜಿನಿಯರ್ ಸುಧಾಕರ್ ಬಂಗಾರಪೇಟೆಯಿಂದ ಮೆಶಿನ್ ಹಿಡಿದುಕೊಂಡು ಹೊರಟಿದ್ದಾರೆ, ಅವರು ಬರುವವರೆಗೆ ರಾಡು ನೆಲಕ್ಕೆ ತಾಗಬಾರದು ಎಂದ. ನೀನು ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು ಎಂದೂ ಕೇಳಿದ.

"ತಲುಪಿದೆ ಸಾರ್," ಎಂದ ಮುನಿರಾಜ.

ಆಗಲೇ ಎಂಜಿನ್ನು ಗುಡುಗಿತು. ಮನೆಯೆತ್ತರದ ರಾಡು ಸರಪಳಿಯಲ್ಲಿ ಮೇಲೇರಿ, ಅದರ ತುದಿಯ 'ಬಿಟ್ಟು' ಎಂಬ ಕೊರೆಯುವ ಉಕ್ಕಿನ ಮೂತಿ ಕುಂಕುಮದ ಬೊಟ್ಟಿನ ನೇರಕ್ಕೆ ಬಂತು. ಬಂಡೆಯನ್ನೇ ಹಿಟ್ಟು ಮಾಡುವ ಆ ಬಿಟ್ಟಿಗೆ ಎದೆಮಟ್ಟದ ಮಣ್ಣು ಅರ್ಧ ನಿಮಿಷದ ಕೆಲಸ. ಮುನಿರಾಜ ನಿಲ್ಲಿಸಿ ನಿಲ್ಲಿಸಿ ಎಂದು ಕೂಗಿದ. ಎಂಜಿನ್ನಿನ ಸದ್ದಿಗೆ ಅದು ಅವನಿಗೇ ಕೇಳಿಸಲಿಲ್ಲ. ಓಡಿದ. ಒಡೆದ ಕಾಯಿಯ ಮೇಲೆ, ಕುಂಕುಮದ ಮೇಲೆ, ಪಾಯಿಂಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಬಿಟ್ಟು ಅವನ ನೆತ್ತಿಯಿಂದ ಒಂದು ಗೇಣು ಮೇಲೆ ನಿಂತಿತು. ಎಂಜಿನ್ನು ಆರಿತು. ಬಿಟ್ಟಿನಿಂದ ಒಂದು ತೊಟ್ಟು ಗ್ರೀಸು ಅವನ ತಲೆಯ ಮೇಲೆ ಬಿತ್ತು.

ಆಮೇಲಿನ ಇಪ್ಪತ್ತೈದು ನಿಮಿಷ ಬಂಡಗುಂಟೆಯ ಜನ ಮರೆಯುವಂಥದ್ದಲ್ಲ. ಅಳಿಯನಿಗೆ ಗಾಳಿ ಮೆಟ್ಟಿದೆ ಎಂದು ಕೆಲವರು, ಬೋರಿನ ನೀರಿನಲ್ಲಿ ಪಾಲು ಕೇಳುತ್ತಿದ್ದಾನೆ ಎಂದು ಕೆಲವರು. ಸೊಣ್ಣಪ್ಪ ಹಗ್ಗ ತರಲೇ ಎಂದು ಕೇಳಿದ. ಅವನಿಗೆ ಯಾವುದನ್ನು ಕಂಡರೂ ಎಳೆಯುವ ಆಸೆ. ಮುನಿರಾಜ, ಕಂಪನಿ ಆರ್ಡರ್, ಎಂಜಿನಿಯರ್ ಬರುವವರೆಗೆ ಏಳುವುದಿಲ್ಲ ಎಂದಷ್ಟೇ ಹೇಳಿದ. ಕಂಪನಿಯ ಕಂಬ ಐವತ್ತಡಿ ಆಚೆ ಇದೆಯಲ್ಲಪ್ಪ, ಪೈಪು ಅಲ್ಲಿದೆ ಅಂತ ನೀವೇ ಬರೆದುಕೊಂಡಿದ್ದೀರಲ್ಲ, ಇಲ್ಲಿ ನಿನಗೇನು ಕೆಲಸ ಎಂದು ಅನಸೂಯಮ್ಮ ನ್ಯಾಯವಾಗಿಯೇ ಕೇಳಿದಳು. ಮುನಿರಾಜ ತಲೆಯ ಗ್ರೀಸು ಒರೆಸಿಕೊಂಡ.

ಹೆಂಡತಿ ಸುಮಲತ ಬಂದು ಎದುರಿಗೆ ನಿಂತಳು. "ಎದ್ದೇಳ್ರೀ. ನಮ್ಮಪ್ಪನ ಮಾನ ಓಗ್ತೈತೆ."

"ಎದ್ರೆ ನಿಮ್ಮಪ್ಪಾನೇ ಓಗ್ತಾರೆ ಕಣೇ," ಎಂದ ಮುನಿರಾಜ ಸಣ್ಣ ದನಿಯಲ್ಲಿ.

ಅದು ಅವಳಿಗೆ ಬೇರೆ ರೀತಿಯಲ್ಲಿ ಕೇಳಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳೇ ಹಗ್ಗ ತರಲು ಸೊಣ್ಣಪ್ಪನಿಗೆ ಹೇಳಿದಳು. ಚಿಕ್ಕವೆಂಕಟಪ್ಪ ಮಾತ್ರ ಮರದ ಬುಡದಲ್ಲಿ ಕೂತು ಬೀಡಿ ಸೇದುತ್ತಿದ್ದರು. ಅಳಿಯನ ಕಡೆ ಒಂದು ಸಲವೂ ನೋಡಲಿಲ್ಲ.

ಹಗ್ಗಕ್ಕಿಂತ ಮೊದಲು ಜೀಪು ಬಂತು. ಸುಧಾಕರ್ ಸಾಹೇಬರು ಇಳಿದು, ಬಿಟ್ಟಿನ ಕೆಳಗೆ ತಪಸ್ಸಿಗೆ ಕೂತಂತಿದ್ದ ಮುನಿರಾಜನನ್ನು ನೋಡಿ ಟೋಪಿ ತೆಗೆದರು. ಇಂಥ ನೌಕರ ಪ್ರತಿ ಕಿಲೋಮೀಟರಿಗೆ ಒಬ್ಬ ಇದ್ದರೆ ದೇಶದ ಪೈಪುಗಳಿಗೆ ಭಯವೇ ಇಲ್ಲ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು. ಆಮೇಲೆ ಜೀಪಿನಿಂದ ಪೈಪು ಹುಡುಕುವ ಮೆಶಿನ್ನನ್ನು ಇಳಿಸಿ, ಬ್ಯಾಟರಿ ಹಾಕುತ್ತಾ, ಮೊದಲು ಕಂಬದ ಹತ್ತಿರ ಇಟ್ಟು ನೋಡೋಣ, ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಅಳೆದರೆ ಆಯಿತು ಎಂದರು.

ಮುನಿರಾಜ ಮತ್ತೆ ಲೆಕ್ಕ ಹಾಕಿದ. ಕಂಬದ ಹತ್ತಿರ ಮೆಶಿನ್ನು ಸದ್ದು ಮಾಡುವುದಿಲ್ಲ. ಎಲ್ಲ ಗೊತ್ತಾಗುತ್ತದೆ. ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವುದಕ್ಕಿಂತ ಮೊದಲೇ ಒಪ್ಪಿಕೊಂಡರೆ ಒಂದಿಷ್ಟು ಕರುಣೆ ತೋರಿಸಬಹುದು. ಸುಧಾಕರ್ ಬ್ಯಾಟರಿಯ ಮುಚ್ಚಳ ಹಾಕಿ ಬದುವಿನ ಕಡೆ ಹೆಜ್ಜೆ ಇಟ್ಟರು. ಇವನು ಕೂತಲ್ಲಿಂದಲೇ ಅವರ ಕಾಲು ಹಿಡಿದ.

"ಕಂಬದ ಹತ್ರ ಹುಡುಕಬೇಡಿ ಸಾರ್. ಅದನ್ನ ನಾನೇ ಕಿತ್ತು ಅಲ್ಲಿ ನೆಟ್ಟಿದ್ದು. ಪೈಪಿರೋದು ಇಲ್ಲೇ, ನನ್ ಕೆಳಗೆ."

ಸುಧಾಕರ್ ತೆಗೆದ ಟೋಪಿಯನ್ನು ಮತ್ತೆ ಹಾಕಿಕೊಂಡರು. ಅವನನ್ನು ಎಬ್ಬಿಸಿ ಮೆಶಿನ್ನನ್ನು ಪಾಯಿಂಟಿನ ಮೇಲೆ ಹಿಡಿದರು.

ಅದು ಮಾತಾಡಲಿಲ್ಲ.

ಹತ್ತಡಿ ಆಚೆ ಹಿಡಿದರು. ಇಲ್ಲ. ಇಪ್ಪತ್ತಡಿ, ಮೂವತ್ತು, ನಲವತ್ತು. ಇಲ್ಲ. ಬದು ಹತ್ತಿದ ಕೂಡಲೇ, ಕಂಬದ ಬುಡದಲ್ಲೇ, ಮೆಶಿನ್ನು ಕೊರವಂಜಿಯ ಹಾಗೆ ಒದರತೊಡಗಿತು. ನಿನ್ನೆಯೂ ಇವತ್ತೂ ಪೈಪು ಅಲ್ಲೇ ಇದ್ದದ್ದು. ಕಂಬ ಈಗ ನಿಂತಿದ್ದದ್ದು ಅದರ ನೆತ್ತಿಯ ಮೇಲೇ.

ಎಲ್ಲರೂ ಮುನಿರಾಜನನ್ನು ನೋಡಿದರು. ಮುನಿರಾಜ ಮಾವನನ್ನು ನೋಡಿದ. ಮಾವ ನೀಲಗಿರಿ ಮರದ ತುದಿಯಲ್ಲಿ ಏನೋ ಹಕ್ಕಿ ಹುಡುಕುತ್ತಿದ್ದರು.

ಸುಧಾಕರ್ ಕೂಡ ತಲೆ ಎತ್ತಿ ಮರಗಳನ್ನು ನೋಡಿದರು. ಹನ್ನೊಂದು ನೀಲಗಿರಿ ಮರ, ಸಾಲಾಗಿ, ಸರಿಯಾಗಿ ಪೈಪಿನ ಮೇಲೆ. ಇವುಗಳ ಬೇರು ಪೈಪಿನ ಹೊದಿಕೆಯನ್ನು ಕಿತ್ತುಹಾಕುತ್ತದೆ, ಆಮೇಲೆ ತುಕ್ಕು, ಆಮೇಲೆ ತೂತು, ಪೈಪಿನ ಮೇಲೆ ಗಿಡ ಕಂಡ ದಿನವೇ ವರದಿ ಮಾಡಬೇಕು ಎಂಬುದು ಲೈನ್ ವಾಕರ್‌ಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಎಲ್ಲವನ್ನೂ ನಾಳೆಯೇ ಕಡಿಸಬೇಕು ಎಂದು ಅವರು ಬರೆದುಕೊಂಡರು. ಬರೆಯುತ್ತಾ ಪೆನ್ನು ನಿಲ್ಲಿಸಿದರು.

"ಮೂರು ವರ್ಷ ತಪ್ಪು ಕಂಬ ನೋಡಿ ಸರಿ ಇದೆ ಅಂತ ಬರ್ದಿದ್ದೀಯ. ಆಮೇಲೆ ಆರು ತಿಂಗಳು ಸರಿ ಕಂಬ ನೋಡಿ, ತಪ್ಪು ಅಂತ ಅನ್ಕೊಂಡೇ ಸರಿ ಇದೆ ಅಂತ ಬರ್ದಿದ್ದೀಯ. ಇದನ್ನ ಯಾವ ಕಾಲಂನಲ್ಲಿ ಹಾಕ್ಲಿ ಮುನಿರಾಜ್?"

ಯಾವ ಕಾಲಮ್ಮಿನಲ್ಲಿ ಹಾಕಿದರೋ ಗೊತ್ತಿಲ್ಲ. ಕಿತ್ತಳೆ ಬಣ್ಣದ ಜಾಕೆಟ್ಟು, ಜಿಪಿಎಸ್ ಡಬ್ಬಿ ಎರಡನ್ನೂ ಅಲ್ಲೇ ಬಿಚ್ಚಿಸಿಕೊಂಡರು. ಫೋನ್ ಮಾಡಿದ ಪುಣ್ಯಾತ್ಮನನ್ನು ಹುಡುಕಿದಾಗ ನಂಬರು ಅನಸೂಯಮ್ಮನದು ಎಂದು ಗೊತ್ತಾಯಿತು. ಅವಳು ಒಂದೇ ಕ್ಷಣ ಯೋಚಿಸಿ, ಹೌದು ಸಾರ್, ನನಗೆ ಬೆಳಿಗ್ಗೆಯಿಂದ ಅನುಮಾನ ಇತ್ತು ಎಂದಳು. ಜಾಗೃತ ನಾಗರಿಕಳು ಎಂದು ಅವಳಿಗೆ ಶಾಲು, ಒಂದು ಕುಕ್ಕರು ಸಿಕ್ಕಿತು.

ಜನ ಚದುರಿದ ಮೇಲೆ ಮುನಿರಾಜ ಮತ್ತೆ ಮಾವನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದ. ಚಿಕ್ಕವೆಂಕಟಪ್ಪ ಅವನಿಗಿಂತ ಹೆಚ್ಚು ಸಿಟ್ಟಾಗಿದ್ದರು. ಐದು ವರ್ಷದ ಹಿಂದೆ ಬದುವಿನ ಮೇಲೆ ನೀಲಗಿರಿ ಹಾಕಬೇಕೆನಿಸಿತು, ಕಂಬ ಇದ್ದರೆ ಹಾಕಲು ಬಿಡುವುದಿಲ್ಲ, ಅದಕ್ಕೆ ನಾನೇ ಅದನ್ನು ಹೊತ್ತು ಹೊಲದ ನಡುವೆ ನೆಟ್ಟಿದ್ದೆ ಎಂದರು. ಮರ ದೊಡ್ಡವಾದ ಮೇಲೆ ಕಂಬ ಹೊಲದಲ್ಲಿ ಅಡ್ಡವಾಯಿತು, ವಾಪಸು ಅದರ ಜಾಗಕ್ಕೇ ಇಡಿಸಿದೆ ಎಂದರು.

"ಮೊದಲೇ ಏಳಬಾರದಿತ್ತಾ ಮಾವ?"

"ಏಳಿದ್ರೆ ಮರಾನ ವರದೀಲಿ ಬರ್ಕೊಂಡೋಗ್ತಿದ್ದೆ ನೀನು. ಕಂಬ ಸುಳ್ಳು ಅಂತ ನೀನು ನಂಬಿದ್ದೆ ನೋಡು, ಅದಕ್ಕೇ ಮರದ ತಂಟೆಗೆ ಬರಲಿಲ್ಲ. ಎಲ್ಡು ನಿಮಿಷ ಬಾಯಿ ಮುಚ್ಕೊಂಡಿದ್ರೆ ನಿನ್ ಕೆಲ್ಸ ಉಳೀತಿತ್ತು ಕಣ್ಲಾ. ನಿನ್ ಬೆನ್ನು ತಟ್ಟೋ ಗಲಾಟೇಲಿ ನನ್ ಮರಾನೂ ಯಾರೂ ನೋಡ್ತಿರಲಿಲ್ಲ."

ಮೂರನೆಯ ದಿನ ಸುಧಾಕರ್ ಮತ್ತೆ ಬಂದರು. ಆ ಒಂಬತ್ತು ಕಿಲೋಮೀಟರ್ ಒಂದು ದಿನವೂ ಕಾವಲಿಲ್ಲದೆ ಇರುವಂತಿಲ್ಲ. ಕಂಬವನ್ನು ನಂಬಿ ಕೆಟ್ಟದ್ದು ಸಾಕು, ಪೈಪು ಎಲ್ಲಿದೆ ಎಂದು ಕಂಬ ನೋಡದೆ ಹೇಳುವ ಜನ ಬೇಕು ಎಂದು ಅವರು ಊರಲ್ಲೆಲ್ಲ ವಿಚಾರಿಸಿದ್ದರು. ಒಬ್ಬರೇ ಒಬ್ಬರು ಮುಂದೆ ಬಂದು, ಹೊಲದಲ್ಲಿ ಕಣ್ಣು ಮುಚ್ಚಿ ನಡೆದು, ಬಂಡೆಯ ಹತ್ತಿರ ಪೈಪು ತಿರುಗುವ ಜಾಗವನ್ನೂ ಬೆರಳಿಟ್ಟು ತೋರಿಸಿದರು. ಹೂಳುವಾಗ ನಾನೇ ನಿಂತು ನೋಡಿದ್ದೆ ಸಾರ್ ಎಂದರು. ಸುಧಾಕರ್ ಅವರ ಕೈ ಕುಲುಕಿ, ಮುನಿರಾಜನಿಂದ ಬಿಚ್ಚಿಸಿದ್ದ ಜಾಕೆಟ್ಟನ್ನೇ ತೊಡಿಸಿದರು. ತೋಳು ಸ್ವಲ್ಪ ಉದ್ದವಾಯಿತು. ಚಿಕ್ಕವೆಂಕಟಪ್ಪ ಅದನ್ನು ಮಡಿಚಿಕೊಂಡರು. ಬೀಡಿ ಬಿಡಬೇಕು ಎಂಬುದೊಂದೇ ಅವರಿಗೆ ಕಷ್ಟವಾದದ್ದು.

ಡ್ಯೂಟಿಗೆ ಬಿದ್ದ ಮೊದಲ ದಿನವೇ ಹೊಸ ಲೈನ್ ವಾಕರ್ ಬದುವಿನ ಮೇಲೆ ನಿಂತು, ಕಡಿದುಹಾಕಿದ ಹನ್ನೊಂದು ಮರಗಳ ಬೇರನ್ನೂ ಪೈಪಿಗೆ ತಗುಲದಂತೆ ಕೈಯಿಂದಲೇ ಅಗೆದು ತೆಗೆಯುತ್ತಿದ್ದ ಒಬ್ಬ ನಿರುದ್ಯೋಗಿಯ ಮೇಲೆ ವರದಿ ಬರೆದರು. ಕೆಲಸ ನಿಧಾನ ಎಂದು ಬರೆದರು.

ಬೋರಾ? ಅದನ್ನು ಹಾಕಲು ಸುಧಾಕರ್ ಅವತ್ತೇ ಒಪ್ಪಿಗೆ ಕೊಟ್ಟಿದ್ದರು, ಪೈಪಿಗೂ ಅದಕ್ಕೂ ಐವತ್ತಡಿ ದೂರ. ಅದೇ ಪಾಯಿಂಟಿನಲ್ಲಿ ಕೊರೆದರು. ಒಂಬೈನೂರು ಅಡಿಯವರೆಗೆ ಬರೀ ಬೂದಿ ಬಣ್ಣದ ಹಿಟ್ಟು. ಸೀಮೆ ಹಸುಗಳೂ ಆಸೆ ಬಿಟ್ಟಿದ್ದವು. ಒಂಬೈನೂರ ಇಪ್ಪತ್ತಕ್ಕೆ ಹಿಟ್ಟಿನ ಬಣ್ಣ ತಿರುಗಿತು. ಆರುಮುಗಂ ಒಂದು ಚಿಟಿಕೆ ತೆಗೆದು ಅಂಗೈ ಮೇಲೆ ಹರಡಿದರು, ಬಿಸಿಲಿಗೆ ಹಿಡಿದರು, ತಟ್ಟನೆ ಮುಷ್ಟಿ ಮುಚ್ಚಿಕೊಂಡರು, ಯಾಕೆಂದರೆ ಆ ಹಿಟ್ಟಿನಲ್ಲಿ ಹಳದಿಯಾಗಿ ಮಿಂಚುತ್ತಿದ್ದದ್ದು ಬೇರೇನೂ ಅಲ್ಲ ಸ್ವಾಮಿ, ಇಪ್ಪತ್ತು ವರ್ಷ ಅವರು ನೆಲದೊಳಗೆ ಯಾವುದಕ್ಕಾಗಿ... ಅರೆ, ಎದ್ದಿರಲ್ಲ, ಕೂತ್ಕೊಳ್ಳಿ ಸ್ವಾಮಿ, ನಿಜವಾದ ಭಾಗ ಈಗ ತಾನೇ ಶುರುವಾಗುತ್ತಿದೆ...